ದೆವ್ವದ ಚಿತ್ರಗಳ ವೇಳಾಪಟ್ಟಿ

೧೯೮೬ನೆಯ ಇಸವಿ, ನನಗೆ ಆಗ ನಲವತ್ತೇಳು ವರ್ಷ. ಆ ವಯಸ್ಸಿನ ಗೃಹಸ್ಥನೊಬ್ಬ ಮಾಡಬಾರದ ಕೆಲಸಗಳ ಪಟ್ಟಿಯನ್ನು ಯಾರಾದರೂ ಸಿದ್ಧಪಡಿಸಿದರೆ, ಒಂದೇ ದಿನದಲ್ಲಿ, ಒಂದೇ ಪಡಸಾಲೆಯಲ್ಲಿ, ಓಣಿಯವರನ್ನೆಲ್ಲ ಕೂಡಿಸಿ ಐದು ದೆವ್ವದ ಚಿತ್ರಗಳನ್ನು ತೋರಿಸುವುದು ಅದರಲ್ಲಿ ಸಾಕಷ್ಟು ಮೇಲಿನ ಸ್ಥಾನದಲ್ಲಿ ಇರಬೇಕು. ನಾನು ಅದನ್ನು ಮಾಡಿದೆ. ಮಾಡಿದ್ದಲ್ಲದೆ ಅದಕ್ಕೊಂದು ವೇಳಾಪಟ್ಟಿಯನ್ನೂ ಹಾಕಿದೆ. ಸ್ಕೇಲು ಹಿಡಿದು ಕೆಂಪು ಮಸಿಯಲ್ಲಿ ಗೆರೆ ಎಳೆದು, ನೀಲಿ ಮಸಿಯಲ್ಲಿ ಬರೆದ ವೇಳಾಪಟ್ಟಿ.

ಕಾರಣವನ್ನು ಹೇಳಿಬಿಡುತ್ತೇನೆ. ಯಲಬುರ್ಗಾ ಕಡೆಯ ಶಾಲೆಗಳಲ್ಲಿ ಇಪ್ಪತ್ತೊಂದು ವರ್ಷ ಕನ್ನಡ ಕಲಿಸಿದ ಮೇಲೆ ನಾನು ಕುಷ್ಟಗಿಯ ಒಂದು ಕಚೇರಿಯ ಮೇಜಿಗೆ ವರ್ಗವಾಗಿ ಬಂದಿದ್ದೆ. ತಿದ್ದಲು ಅಲ್ಲಿ ಮಕ್ಕಳಿರಲಿಲ್ಲವಾದ್ದರಿಂದ ಸುತ್ತೋಲೆಗಳನ್ನು ತಿದ್ದುತ್ತಿದ್ದೆ. ಮೇಲಧಿಕಾರಿಗಳು ಅದಕ್ಕಾಗಿ ನನ್ನನ್ನು ಎಷ್ಟು ಮೆಚ್ಚಿಕೊಂಡರೆಂದರೆ, ನನ್ನ ಮೇಜನ್ನು ಹಳೆಯ ಕಡತಗಳ ಕೋಣೆಗೇ ಸಾಗಿಸಿದರು. ಅಲ್ಲಿ ಯಾರೂ ಓದದ ವಾಕ್ಯಗಳು ಬೇಕಾದಷ್ಟಿದ್ದವು. ನಾನು ತೃಪ್ತನಾಗಿದ್ದೆ.

ತೃಪ್ತಿಯಿಲ್ಲದ್ದು ಮನೆಯ ವಿಷಯದಲ್ಲಿ. ನಾವಿದ್ದ ಬಾಡಿಗೆ ಮನೆಯಲ್ಲಿ ಎರಡು ಕೋಣೆ, ಒಂದು ಕಿಟಕಿ. ಆ ಕಿಟಕಿಯ ಆಚೆ ಎಣ್ಣೆಗಾಣದ ಯಂತ್ರ. ನಳದ ನೀರು ಉಪ್ಪು. ಬೇಳೆ ಬೇಯಬೇಕಾದರೆ ಅರ್ಧ ದಿನ. ಸಾಲದ್ದಕ್ಕೆ ಮಾಲೀಕನು ಮಗನ ಲಗ್ನ ಗೊತ್ತುಮಾಡಿ, ದೀಪಾವಳಿಯೊಳಗೆ ಮನೆ ಬಿಡಬೇಕೆಂದು ಹೇಳಿಕಳುಹಿಸಿದ್ದ. ಊರಲ್ಲಿ ನಮಗೆ ಒಗ್ಗುವಂತೆ ಖಾಲಿಯಿದ್ದದ್ದು ಒಂದೇ ಮನೆ. ದೊಡ್ಡ ಪಡಸಾಲೆ, ತೇಗದ ಕಂಬ, ಹಿತ್ತಲಲ್ಲಿ ಸಿಹಿನೀರಿನ ಬಾವಿ. ಅದರ ಮಾಲೀಕರು ಹೈದರಾಬಾದಿನಲ್ಲಿದ್ದರು. ಕೀಲಿಕೈ ಓಣಿಯ ಮೂಲೆಯಲ್ಲಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವ ಮೌಲಾಸಾಬನ ಹತ್ತಿರ ಇತ್ತು. ಇಂಥ ಮನೆ ಹನ್ನೆರಡು ವರ್ಷ ಖಾಲಿ ಬಿದ್ದಿರಬೇಕಾದರೆ ಅದಕ್ಕೊಂದು ಕಾರಣವೂ ಇರಬೇಕಲ್ಲ. ಕಾರಣದ ಹೆಸರು ನೀಲವ್ವ.

ನೀಲವ್ವ ಆ ಮನೆಯಲ್ಲಿ ಒಬ್ಬಳೇ ಬಾಳಿ ತೀರಿಕೊಂಡ ಹಿರಿಯ ಹೆಂಗಸು. ಮಕ್ಕಳಿಲ್ಲ; ಹೈದರಾಬಾದಿನವರು ಅವಳ ಗಂಡನ ದಾಯಾದಿಗಳು. ಹೇಳದೆ ಕೇಳದೆ ಬಾವಿಯ ನೀರು ಸೇದಿದವರನ್ನು ಆಕೆ ಬಿಡುತ್ತಿರಲಿಲ್ಲವಂತೆ. ಸತ್ತ ಮೇಲೂ ಆ ಉಸ್ತುವಾರಿಯನ್ನು ಕೈಬಿಟ್ಟಿಲ್ಲವೆಂದೂ, ನಡುಮಧ್ಯಾಹ್ನದಲ್ಲಿ ಬಾವಿಯ ರಾಟಿ ತಾನೇ ತಿರುಗಿ ಕಿರ್ರೆನ್ನುವುದೆಂದೂ ಎದುರುಮನೆಯ ಬಸಮ್ಮ ಹೇಳುತ್ತಿದ್ದಳು. ಬಸಮ್ಮನಿಗೆ ಅರವತ್ತು ದಾಟಿತ್ತು. ಅವಳ ಕಿವಿಗೆ ತನ್ನ ಸೊಸೆಯ ಕರೆ ಕೇಳಿಸದಿದ್ದರೂ ಈ ರಾಟಿ ಮಾತ್ರ ಸ್ಪಷ್ಟವಾಗಿ ಕೇಳಿಸುತ್ತಿತ್ತು. ನಾನೊಂದು ದಿನ ಕಚೇರಿಯಿಂದ ಅನುಮತಿ ಪಡೆದು ಹನ್ನೆರಡರಿಂದ ಎರಡರವರೆಗೆ ಆ ಬಾವಿಯ ಮಗ್ಗುಲಲ್ಲಿ ಕುಳಿತು ಪರೀಕ್ಷಿಸಿದೆ. ರಾಟಿ ಒಮ್ಮೆ ಕಿರ್ರೆಂದಿತು. ಗಾಳಿ ಎಂದು ಟಿಪ್ಪಣಿಯಲ್ಲಿ ಬರೆದುಕೊಂಡೆ.

ಈ ಟಿಪ್ಪಣಿಯನ್ನು ನನ್ನ ಹೆಂಡತಿ ಶಾಂತಾಳಿಗೆ ಓದಿಹೇಳಿದೆ. ಆತ್ಮ, ದೇಹ, ಗಾಳಿ ಎಂಬ ಮೂರು ಭಾಗಗಳಲ್ಲಿ ವಿಷಯವನ್ನು ವಿವರಿಸಿದೆ. ಅವಳು ಮೆಂತ್ಯದ ಸೊಪ್ಪು ಸೋಸುತ್ತ ಕೊನೆಯವರೆಗೂ ಕೇಳಿದಳು.

"ಆ ಮನ್ಯಾಗ ನೀಲವ್ವ ಅದಾಳ. ಒಂದ ಅಡಗಿ ಮನ್ಯಾಗ ಇಬ್ಬರು ಹೆಣ್ಣಮಕ್ಕಳು ಹೆಂಗ ಇರಾಕ ಬರತೈತಿ, ನೀವ ಹೇಳ್ರಿ. ನೀವು ಬೇಕಾದ್ರ ಹೋಗಿ ಇರ್ರಿ. ನಾ ದಿನಾ ಬುತ್ತಿ ಕಟ್ಟಿ ಕಳಸ್ತೀನಿ" ಎಂದಳು.

ಮದುವೆಯಾಗಿ ಇಪ್ಪತ್ತನಾಲ್ಕು ವರ್ಷಗಳಾದ ಮೇಲೆ ಹೆಂಡತಿ ಗಂಡನಿಗೆ ಬುತ್ತಿ ಕಳಿಸುತ್ತೇನೆಂದರೆ, ಆ ಚರ್ಚೆ ಅಲ್ಲಿಗೆ ಮುಗಿಯಿತೆಂದು ತಿಳಿಯಬೇಕು. ಮೌಲಾಸಾಬನ ಬಳಿ ಹೋಗಿ, ಏನಾದರೂ ತಾಯತವಾದರೂ ಕಟ್ಟಿಸಿ ಓಣಿಯವರ ಬಾಯಿ ಮುಚ್ಚಿಸು ಎಂದೆ. ಅವನು ಕುಲುಮೆಯ ತಿದಿ ನಿಲ್ಲಿಸಿ ನನ್ನನ್ನು ಕನಿಕರದಿಂದ ನೋಡಿದ.

"ಜಿನ್ನು ಗಿನ್ನು ಇದ್ರ ನಮ್ಮ ಹಜರತ್ರ ಕಡಿಂದ ತಾಯತ ತರತಿದ್ದೆ ಮಾಸ್ತರ್ರ. ನೀಲವ್ವ ನನ್ನ ಸಣ್ಣಾಂವ ಇದ್ದಾಗಿಂದ ನೋಡ್ಯಾಳ. ಅಕಿ ಮುಂದ ತಾಯತ ಹಿಡಕೊಂಡು ಹೆಂಗ ನಿಂದರ್ಲಿ? ಏನ್ ತಿಳಕೋತಾಳ?"

ಇಲ್ಲಿ ಒಂದು ಮಾತು. ನಮ್ಮ ಹಿರಿಯರು ದೆವ್ವಗಳನ್ನು ನಮ್ಮ ಇಲಾಖೆಯ ನೌಕರವರ್ಗದಷ್ಟೇ ಶ್ರದ್ಧೆಯಿಂದ ಶ್ರೇಣೀಕರಿಸಿದ್ದಾರೆ. ಕೈಯಲ್ಲಿ ಬೆಂಕಿ ಹಿಡಿದು ಹೊಲದ ಬದುವಿನಲ್ಲಿ ಓಡುವುದು ಕೊಳ್ಳಿದೆವ್ವ. ಹುಣಿಸೆಮರದಲ್ಲಿ ಜೋಲುವುದು ಬೇರೆ. ದಾರಿಯಲ್ಲಿ ಎಲೆ ಅಡಿಕೆ ಕೇಳಿ, ಪಾದಗಳನ್ನು ಹಿಂದುಮುಂದಾಗಿ ಇಟ್ಟುಕೊಂಡು ನಡೆಯುವ ಸುಂದರಿ ಮೋಹಿನಿ. ಎಲ್ಲರಿಗಿಂತ ಮೇಲಿನ ದರ್ಜೆಯದು ಬ್ರಹ್ಮರಾಕ್ಷಸ. ತನ್ನ ವಿದ್ಯೆಯನ್ನು ಯಾರಿಗೂ ಕಲಿಸದೆ ಸತ್ತ ಪಂಡಿತನಿಗೆ ಆ ಪದವಿ ದೊರೆಯುತ್ತದೆಂದು ಹೇಳುತ್ತಾರೆ. ನನಗೆ ಆ ಭಯವಿಲ್ಲ; ಕೇಳದವರಿಗೂ ಕಲಿಸಿದ ದಾಖಲೆ ನನ್ನದು. ಆದರೆ ಕಲಾಯಿಯವನೊಬ್ಬ ಎದುರು ನಿಲ್ಲಲು ಸಂಕೋಚಪಡುವ ದೆವ್ವಕ್ಕೆ ಯಾವ ದರ್ಜೆ ಕೊಡಬೇಕೆಂಬುದು ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. ನಾನು ಇದನ್ನು ಆಗಲೇ ಗಮನಿಸಿದ್ದರೆ ಮುಂದಿನ ಇಷ್ಟೆಲ್ಲ ಪ್ರಯಾಸ ಉಳಿಯುತ್ತಿತ್ತು. ಗಮನಿಸಲಿಲ್ಲ. ನಾನು ವಿಧಾನ ಹುಡುಕುತ್ತಿದ್ದೆ.

ವಿಧಾನ ಸಿಕ್ಕಿದ್ದು ಗಂಗಾವತಿಯಲ್ಲಿ. ಕಾಲುವೆ ನೀರು ಬಂದು ಭತ್ತ ಬೆಳೆದ ಮೇಲೆ ಆ ಊರಿಗೆ ಎಲ್ಲವೂ ನಮಗಿಂತ ಮೊದಲು ಬರುತ್ತಿತ್ತು, ವಿಡಿಯೋ ಕೂಡ. ಕಚೇರಿ ಕೆಲಸದ ಮೇಲೆ ಹೋದಾಗ, ಊಟದ ಖಾನಾವಳಿಯ ಪಕ್ಕದ ಅಂಗಡಿಯಲ್ಲಿ ಬಣ್ಣದ ಟಿ.ವಿ.ಯೊಳಗೆ ಒಂದು ದೆವ್ವ ಬಂಗಲೆಯ ಮೆಟ್ಟಿಲಿಳಿಯುತ್ತಿತ್ತು. ನೋಡುತ್ತ ನಿಂತವರು ಹೊಟ್ಟೆ ಹಿಡಿದು ನಗುತ್ತಿದ್ದರು. ನನಗೆ ತಟ್ಟನೆ ಹೊಳೆಯಿತು. ಶಾಲೆಗೆ ವರ್ಷಕ್ಕೊಮ್ಮೆ ತನಿಖಾಧಿಕಾರಿ ಬಂದರೆ ಮಕ್ಕಳು ನಡುಗುತ್ತಾರೆ. ದಿನಕ್ಕೆ ಐದು ಜನ ಬಂದರೆ ಸಂಜೆಯ ಹೊತ್ತಿಗೆ ಅವರ ಟೊಪ್ಪಿಗೆಯ ಮೇಲೆ ಹಾಡು ಕಟ್ಟುತ್ತಾರೆ. ಹಾಗೆಯೇ, ಬೆಳಗಿನಿಂದ ಐದು ಮುಂಬಯಿ ದೆವ್ವಗಳನ್ನು ಒಟ್ಟಿಗೆ ನೋಡಿದ ಹೆಂಗಸರು ಆರನೆಯದಾದ ಕುಷ್ಟಗಿಯ ದೆವ್ವಕ್ಕೆ ಸೊಪ್ಪು ಹಾಕಲಾರರು. ಪ್ರದರ್ಶನವನ್ನು ನೀಲವ್ವನ ಪಡಸಾಲೆಯಲ್ಲಿಯೇ ಏರ್ಪಡಿಸಿದರೆ, ಮನೆಯ ಭಯವೂ ಚಿತ್ರದ ಭಯವೂ ಒಟ್ಟಿಗೆ ಖರ್ಚಾಗಿಬಿಡುತ್ತವೆ. ಮರುದಿನ ಶಾಂತಾ ಪಾತ್ರೆ ಕಟ್ಟುತ್ತಾಳೆ.

ಇದಕ್ಕೆ ಪಾಶ್ಚಾತ್ಯರ ಸಮ್ಮತಿಯೂ ಇತ್ತು. ಅಕ್ಟೋಬರ್ ತಿಂಗಳ ಕೊನೆಯ ದಿನ ಅಲ್ಲಿನ ಜನ ಹ್ಯಾಲೋವೀನ್ ಎಂಬ ಹಬ್ಬ ಮಾಡಿ, ಕುಂಬಳಕಾಯಿಗೆ ಕಣ್ಣು ಮೂಗು ಕೊರೆದು, ದೆವ್ವದ ವೇಷ ಹಾಕಿ, ಭಯದ ಚಿತ್ರಗಳನ್ನು ಸಾಲಾಗಿ ನೋಡುತ್ತಾರೆಂದು ಇಂಗ್ಲಿಷ್ ವಾರಪತ್ರಿಕೆಯೊಂದರಲ್ಲಿ ಓದಿದ್ದೆ. ಅಷ್ಟು ಮುಂದುವರಿದವರು ಕುಂಬಳಕಾಯಿಯನ್ನು ತಿನ್ನದೆ ಹಾಳುಮಾಡುತ್ತಾರೆಂದರೆ ಅದರಲ್ಲಿ ಏನೋ ವಿಜ್ಞಾನವಿರಲೇಬೇಕು. ನಾನು ಪಂಚಾಂಗ ತೆಗೆದೆ. ಅಕ್ಟೋಬರ್ ಮೂರು, ಶುಕ್ರವಾರ, ಮಹಾಲಯ ಅಮಾವಾಸ್ಯೆ, ಕಚೇರಿಗೆ ರಜೆ. ದೆವ್ವಗಳ ಬಲ ಹೆಚ್ಚಿರುವ ದಿನವೆಂದು ಜನ ನಂಬುವ ದಿನದಲ್ಲಿಯೇ ಅವನ್ನು ಸೋಲಿಸಿದರೆ ಆ ಫಲಿತಾಂಶವನ್ನು ಪ್ರಶ್ನಿಸುವವರಾರು?

"ಆ ದಿನ ಬ್ಯಾಡ್ರಿ. ಹಿರೇರ ಅಮಾಸಿ ಅದು" ಎಂದಳು ಶಾಂತಾ. ಅದಕ್ಕಾಗಿಯೇ ಅಂದೇ ಮಾಡುವುದು ಎಂದೆ. ಅವಳು ಇನ್ನೇನೋ ಹೇಳಲು ಬಾಯಿ ತೆರೆದು, ಹೇಳದೆ ಸುಮ್ಮನಾದಳು. ಆ ಮೌನವನ್ನು ನಾನು ಸಮ್ಮತಿಯೆಂದು ದಾಖಲಿಸಿಕೊಂಡೆ.

ಗಂಗಾವತಿಯ ಅಂಗಡಿಯ ರಾಜು ಎಂಬವನು ವಿಡಿಯೋ, ಟಿ.ವಿ., ಕ್ಯಾಸೆಟ್ಟುಗಳನ್ನು ಒಂದು ದಿನದ ಮಟ್ಟಿಗೆ ತಾನೇ ತಂದು ಹಾಕುವುದಾಗಿ ಒಪ್ಪಿದ. ಐದೂ ದೆವ್ವದವೇ ಬೇಕೆಂದಾಗ ಅವನ ಮುಖ ಬಾಡಿತು.

"ಸಾರ್, ಎಲ್ಲಾರೂ ಒಂದು ಭಕ್ತಿ, ಎರಡು ಫೈಟಿಂಗ್, ಒಂದು ಫ್ಯಾಮಿಲಿ, ಕೊನಿಗೆ ಒಂದು ದೆವ್ವ, ಹಿಂಗ ಒಯ್ತಾರ. ಐದೂ ದೆವ್ವ ಅಂದ್ರ ಜನ ಊಟ ಹೆಂಗ ಮಾಡಬೇಕು ಸಾರ್?"

ಸುಲಭದಿಂದ ಕಠಿಣಕ್ಕೆ ಎಂಬ ಬೋಧನಾ ತತ್ತ್ವದಂತೆ ಕ್ರಮವನ್ನು ನಿಗದಿಪಡಿಸಿದೆ. ಮೊದಲನೆಯ ಅವಧಿ, ಬೆಳಗಿನ ಎಂಟೂವರೆ: ನೆರಳು ಮತ್ತು ಸಪ್ಪಳ ಮಾತ್ರವಿರುವ ದೆವ್ವ. ಎರಡನೆಯದು: ಹಾಡುವ ದೆವ್ವ. ಮೂರನೆಯದು: ಕೊಲ್ಲುವ ದೆವ್ವ. ಉಳಿದೆರಡರಲ್ಲಿ ಇಂಥ ಭೇದಗಳೇ ಇರಲಿಲ್ಲವಾದ್ದರಿಂದ ಪುನರಾವರ್ತನೆ ಎಂದು ಬರೆದೆ. ಪ್ರತಿ ಅವಧಿಯ ಕೊನೆಯಲ್ಲಿ ಹತ್ತು ನಿಮಿಷ ನನ್ನಿಂದ ವಿವರಣೆ. ವೇಳಾಪಟ್ಟಿಯ ಪ್ರತಿಗಳನ್ನು ಓಣಿಯ ಹನ್ನೊಂದು ಮನೆಗಳಿಗೆ ನಾನೇ ಕೊಟ್ಟುಬಂದೆ. ಎಲ್ಲರೂ ಎರಡೂ ಕೈಯಿಂದ ಗೌರವಪೂರ್ವಕವಾಗಿ ತೆಗೆದುಕೊಂಡರು. ಲಗ್ನಪತ್ರಿಕೆಯೆಂದು ತಿಳಿದಿದ್ದರೆಂಬುದು ಆಮೇಲೆ ಗೊತ್ತಾಯಿತು.

ಅಮಾವಾಸ್ಯೆಯ ದಿನ ಎಂಟೂವರೆಗೆ ಸರಿಯಾಗಿ ಪಡಸಾಲೆಯಲ್ಲಿ ಸೇರಿದ ಪ್ರೇಕ್ಷಕರು ಇಬ್ಬರು: ನಾನು ಮತ್ತು ಮೌಲಾಸಾಬ. ಓಣಿಯ ಎಲ್ಲ ಮನೆಗಳ ಬೆಳಕಿಂಡಿಯಿಂದ ಹೊಗೆ ಏಳುತ್ತಿತ್ತು. ಹನ್ನೊಂದು ಅಡುಗೆಮನೆಗಳಲ್ಲಿ ಹೂರಣ ರುಬ್ಬುತ್ತಿದ್ದರು, ಹೋಳಿಗೆ ತಟ್ಟುತ್ತಿದ್ದರು, ಕಡಬು ಕಟ್ಟುತ್ತಿದ್ದರು. ಹಿರಿಯರ ಅಮಾವಾಸ್ಯೆಯೆಂದರೆ ತೀರಿಕೊಂಡವರು ಮನೆಗೆ ಉಣ್ಣಲು ಬರುವ ದಿನ. ಅವರಿಗೆ ಹೊಸ ಬಟ್ಟೆಯಿಟ್ಟು ಎಡೆ ಹಿಡಿಯುವವರೆಗೆ ಮನೆಯ ಹೆಂಗಸು ಒಲೆಯ ಮುಂದಿನಿಂದ ಏಳುವ ಹಾಗಿಲ್ಲ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ನಲವತ್ತೇಳು ವರ್ಷಗಳಿಂದ ಆ ಹೋಳಿಗೆಗಳನ್ನು ತಿಂದವನು ನಾನು. ಅವನ್ನು ಯಾರೋ ಮಾಡಬೇಕಾಗುತ್ತದೆ, ಮಾಡಲು ಹೊತ್ತು ಹಿಡಿಯುತ್ತದೆ ಎಂಬ ಅಂಶ ಮಾತ್ರ ನನ್ನ ಪಂಚಾಂಗದಲ್ಲಿ ಇರಲಿಲ್ಲ.

ನಿಯಮ ನಿಯಮವೇ. ಇಬ್ಬರಿಗಾಗಿ ಮೊದಲ ಚಿತ್ರ ಆರಂಭವಾಯಿತು. ಒಂದು ಬಂಗಲೆ, ಒಬ್ಬ ಕಂದೀಲು ಹಿಡಿದ ಕಾವಲುಗಾರ, ಒಂದು ಬಾವಿ. ದೆವ್ವದ ಮುಖವಾಡವನ್ನು ಮರದ ಗೊಂಬೆ ಮಾಡುವ ಕಿನ್ನಾಳದ ಚಿತ್ರಗಾರರ ಕೈಗೆ ಕೊಟ್ಟಿದ್ದರೆ ಇನ್ನೂ ಜೀವ ತುಂಬುತ್ತಿದ್ದರು ಎಂದು ನಾನು ಮೌಲಾಸಾಬನಿಗೆ ಹೇಳುತ್ತಿರುವಾಗಲೇ, ತೆರೆಯ ಮೇಲಿನ ಬಾವಿಯಿಂದ ಒಂದು ಕೈ ಮೇಲೆದ್ದಿತು. ಅದೇ ಕ್ಷಣ ಹಿತ್ತಲಲ್ಲಿ ರಾಟಿ ಕಿರ್ರೆಂದಿತು. ನಾನು ಎದ್ದೆ ಎಂಬುದು ಸಭ್ಯವಾದ ವರ್ಣನೆ. ಚಹದ ಕಪ್ಪು ಉರುಳಿತು, ವೇಳಾಪಟ್ಟಿ ತೊಯ್ದಿತು. ನಾನು ಕಂಬವನ್ನು ಹಿಡಿದುಕೊಂಡಿದ್ದೆ. ಯಾವಾಗ ಹಿಡಿದೆನೆಂದು ತಿಳಿಯದು. ಹಿತ್ತಲಿನಿಂದ ಮುಖ ಒರೆಸಿಕೊಳ್ಳುತ್ತ ರಾಜು ಒಳಗೆ ಬಂದ. ಮುಖ ತೊಳೆಯಲು ನೀರು ಸೇದಿದ್ದನಂತೆ.

ಮೌಲಾಸಾಬ ನಗಲಿಲ್ಲ. ತೆರೆಯ ಮೇಲಿನ ದೃಷ್ಟಿಯನ್ನು ಕದಲಿಸದೆ, "ಗಾಳಿ ಇರಬೇಕ್ರಿ ಮಾಸ್ತರ್ರ" ಎಂದ.

ಹೆಂಗಸರು ಬಂದದ್ದು ಮಧ್ಯಾಹ್ನ ಒಂದು ಗಂಟೆಯ ಮೇಲೆ, ತಂತಮ್ಮ ಮನೆಯ ಹಿರಿಯರಿಗೆ ಉಣ್ಣಿಸಿ, ತಾವೂ ಉಂಡು. ಶಾಂತಾಳೂ ಬಂದಳು, ಬಾಗಿಲ ಹತ್ತಿರವೇ ಕುಳಿತಳು. ಹಗಲು ಬೆಳಕಿನಲ್ಲಿ, ಹತ್ತು ಮಂದಿಯ ನಡುವೆ, ಅಷ್ಟರಮಟ್ಟಿಗೆ ಒಳಗೆ ಬಂದಿದ್ದಳೆಂಬುದೇ ನನಗೆ ಅರ್ಧ ಗೆಲುವಾಗಿ ಕಂಡಿತು. ಎರಡನೆಯ ಅವಧಿಯ ಹಾಡುವ ದೆವ್ವವನ್ನು ಹಾಕಿಸಿದೆ. ಗಂಡನ ಮನೆಯವರು ಕೊಂದು ಗೋಡೆಯೊಳಗೆ ಹೂತ ಸೊಸೆಯೊಬ್ಬಳು ಬಿಳಿಯ ಸೀರೆಯುಟ್ಟು, ಮೋಂಬತ್ತಿ ಹಿಡಿದು, ಮುಂಬಯಿಯ ಶ್ರೇಷ್ಠ ವಾದ್ಯವೃಂದದ ನೆರವಿನಿಂದ ಹಾಡುತ್ತ ಅಲೆಯುತ್ತಿದ್ದಳು. ನಾನು ತೆರೆಯನ್ನು ಬಿಟ್ಟು ಪ್ರೇಕ್ಷಕರ ಮುಖಗಳನ್ನು ನೋಡುತ್ತಿದ್ದೆ. ಹೆದರಲಿ ಎಂದು ಕಾಯುತ್ತಿದ್ದೆ, ಇಲ್ಲವೇ ನಗಲಿ. ಅವರು ಎರಡನ್ನೂ ಮಾಡಲಿಲ್ಲ. ವಿಚಾರಣೆ ಆರಂಭಿಸಿದರು. ಇವಳ ತವರುಮನೆ ಯಾವುದು? ಅಣ್ಣತಮ್ಮಂದಿರು ಏನು ಮಾಡುತ್ತಿದ್ದಾರೆ? ಇಷ್ಟು ದೊಡ್ಡ ಬಂಗಲೆಯಲ್ಲಿ ವರ್ಷಕ್ಕೊಮ್ಮೆ ಒಂದು ಹಿಡಿ ಅನ್ನ ಇಡುವವರು ಯಾರೂ ಇಲ್ಲವೇ? ಮಂತ್ರವಾದಿಯೊಬ್ಬ ನಿಂಬೆಹಣ್ಣು ತಂದು ಅವಳನ್ನು ಸೀಸೆಯೊಳಗೆ ಕರೆಯತೊಡಗಿದಾಗ ಪಡಸಾಲೆಯ ಸಹಾನುಭೂತಿಯೆಲ್ಲ ದೆವ್ವದ ಕಡೆಗೆ ಹೋಯಿತು. ಆ ಮಂತ್ರವಾದಿಯ ಕೈಗೆ ಹುಳು ಬೀಳಲೆಂದು ಒಬ್ಬಾಕೆ ಶಪಿಸಿದಳು.

ಅಷ್ಟರಲ್ಲಿ ಕರೆಂಟು ಹೋಯಿತು. ಸೀಸೆಯ ಬಾಯಿಯ ಬಳಿ ಬಂದಿದ್ದ ಸೊಸೆ ಒಂದು ಬಿಳಿಯ ಚುಕ್ಕೆಯಾಗಿ ಆರಿಹೋದಳು. ನನ್ನ ಹತ್ತು ನಿಮಿಷದ ವಿವರಣೆಗೆ ಇದೇ ಸಮಯವೆಂದು ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ. ಬಸಮ್ಮ ನನ್ನನ್ನು ನೋಡುತ್ತಿರಲಿಲ್ಲ. ಮುಚ್ಚಿದ ಅಡುಗೆಮನೆಯ ಬಾಗಿಲನ್ನು ನೋಡುತ್ತಿದ್ದಳು.

"ಹನ್ನೆರಡ ವರ್ಷಾತು. ಇಕಿಗೆ ಯಾರು ಎಡಿ ಹಿಡದಾರ?"

ಹೈದರಾಬಾದಿನವರು ಹಿಡಿದಿರಬಹುದಲ್ಲ ಎಂದು ನಾನು ಸೂಚಿಸಿದೆ. ಅವರು ದಿನಕರ್ಮಕ್ಕೇ ಬರಲಿಲ್ಲ, ಮಣ್ಣು ಮಾಡಿದ್ದು ಓಣಿಯವರು ಎಂದು ಮೌಲಾಸಾಬ ಹೇಳಿದ. ಬಸಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನೀರಿನ ವಿಷಯಕ್ಕೆ ಒಮ್ಮೆ ಜಗಳವಾಗಿ ಕೊನೆಯ ಮೂರು ವರ್ಷ ತಾನು ನೀಲವ್ವನ ಸಂಗಡ ಮಾತಾಡಿರಲಿಲ್ಲವೆಂದೂ, ಮಣ್ಣಿಗೂ ಹೋಗಲಿಲ್ಲವೆಂದೂ ಯಾರೂ ಕೇಳದೆಯೇ ಹೇಳಿದಳು. ಆ ರಾಟಿ ಓಣಿಯಲ್ಲಿ ಅವಳೊಬ್ಬಳಿಗೇ ಏಕೆ ಅಷ್ಟು ಸ್ಪಷ್ಟವಾಗಿ ಕೇಳಿಸುತ್ತಿತ್ತೆಂಬುದು ನನ್ನಂಥ ಮಂದಬುದ್ಧಿಗೂ ಆಗ ತಿಳಿಯಿತು. ಟಿಪ್ಪಣಿಯಲ್ಲಿ ಗಾಳಿಯೆಂದು ಬರೆದದ್ದಕ್ಕೆ ನಾಚಿಕೆಯಾಯಿತು.

ಶಾಂತಾ ಎದ್ದು ಹೊರಗೆ ಹೋದಳು. ಹೋದಳು, ಮುಗಿಯಿತು, ಇನ್ನು ಈ ಮನೆಯ ಆಸೆ ಬಿಡಬೇಕು ಎಂದುಕೊಂಡೆ. ಕಾಲು ಗಂಟೆಯ ಮೇಲೆ ಮರಳಿ ಬಂದಳು. ಒಂದು ಕೈಯಲ್ಲಿ ಬಾಳೆಯೆಲೆ ಮುಚ್ಚಿದ ತಟ್ಟೆ. ಇನ್ನೊಂದರಲ್ಲಿ ದಸರೆಗೆಂದು ತಂದು, ಇನ್ನೂ ಮಡಿಕೆ ಬಿಚ್ಚದ ಅವಳ ಹಸಿರು ಇಳಕಲ್ ಸೀರೆ. ಅವಳು ಮೌಲಾಸಾಬನತ್ತ ತಿರುಗಿ, ಅಡುಗೆಮನೆ ತೆಗೆಯಲು ಹೇಳಿದಳು.

ಬಸಮ್ಮನಿಗೆ ಶಾಸ್ತ್ರದ ಸಂಶಯ ಬಂದಿತು. "ತಂಗಿ, ಅಕಿ ನಿಮ್ಮ ಮನಿಯಾಕಿ ಅಲ್ಲ, ನಿಮ್ಮ ಕುಲದಾಕಿ ಅಲ್ಲ. ನೀ ಹೆಂಗ ಹಿಡೀತಿ?"

"ಅಕಿ ಬಾವಿ ನೀರು ಕುಡಿಯಾಕ ನಿಂತ ಮ್ಯಾಲೆ ಕುಲಾ ಎಲ್ಲಿಂದ ಬಂತ ಬಿಡು, ಬಸಕ್ಕ" ಎಂದಳು ಶಾಂತಾ.

ಮೌಲಾಸಾಬ ಕೀಲಿ ತೆಗೆದ. ತಟ್ಟೆಯತ್ತ ಒಮ್ಮೆ ಇಣುಕಿ, ನೀಲವ್ವನಿಗೆ ಪುಂಡಿಪಲ್ಲೆ ಬಲು ಇಷ್ಟವಿತ್ತು, ಅದಿಲ್ಲವಲ್ಲ ಅಕ್ಕಾರ ಎಂದು ಮೆಲ್ಲಗೆ ಹೇಳಿದ. ಬಸಮ್ಮ ಎದ್ದು ತನ್ನ ಮನೆಗೆ ಹೋಗಿ ಒಂದು ಬಟ್ಟಲು ಪುಂಡಿಪಲ್ಲೆ ತಂದಳು. ಹನ್ನೆರಡು ವರ್ಷದ ಧೂಳಿನಲ್ಲಿ ಒಂದಿಷ್ಟು ಜಾಗವನ್ನು ಶಾಂತಾ ಒರೆಸಿ, ಸೀರೆಯಿಟ್ಟು, ಅದರ ಮುಂದೆ ಎಲೆ ಹಾಸಿ ಬಡಿಸಿದಳು. ಊದಿನಕಡ್ಡಿ ಹಚ್ಚಿ, ಖಾಲಿ ಒಲೆಯತ್ತ ಮುಖಮಾಡಿ, ಅತ್ತೆಯೊಡನೆ ಮಾತಾಡುವ ದನಿಯಲ್ಲಿ ಮಾತಾಡಿದಳು.

"ಯವ್ವಾ ನೀಲವ್ವ, ನಾವು ಯಲಬುರ್ಗಿ ಕಡ್ಯಾವ್ರು. ಮನಿ ನಿಂದು, ನೀ ಹಿರಿಯಾಕಿ. ನಮಗ ಇರಾಕ ಮನಿ ಇಲ್ಲ, ನೀ ಹೂಂ ಅಂದ್ರ ಬರತೀವಿ. ವರ್ಷಾ ನಿನ್ನ ಎಡಿ ನಾ ಹಿಡೀತೀನಿ. ನಮ್ಮ ಯಜಮಾನ್ರಿಗೆ ಎಲ್ಲಾರನ್ನೂ ತಿದ್ದೂ ಚಟ ಐತಿ. ಅದೊಂದು ಹೊಟ್ಟ್ಯಾಗ ಹಾಕ್ಕೋ."

ಹಿರಿಯರು ಉಣ್ಣುವಾಗ ಯಾರೂ ನೋಡಬಾರದೆಂದು ಎಲ್ಲರೂ ಹೊರಗೆ ಬಂದು ಬಾಗಿಲು ಮುಂದೆ ಮಾಡಿದೆವು. ಆ ಮುಚ್ಚಿದ ಬಾಗಿಲಿನ ಎದುರಿಗೆ ಹತ್ತು ಹೆಂಗಸರು, ಒಬ್ಬ ಕಲಾಯಿಯವ, ಒಬ್ಬ ವಿಡಿಯೋದವ ಮತ್ತು ನಾನು ನಿಂತಿದ್ದೆವು. ಯಾರ ಮುಖದಲ್ಲಿಯೂ ಭಯವಿರಲಿಲ್ಲ. ನೆಂಟರನ್ನು ಪಂಕ್ತಿಗೆ ಕೂಡಿಸಿ, ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಕಾಯುವವರ ಕಳವಳ ಮಾತ್ರವಿತ್ತು. ಹೊತ್ತು ನೋಡಿ ಶಾಂತಾ ಬಾಗಿಲು ತೆರೆದಳು. ಎಲೆಯ ಮೇಲಿನ ಒಂದು ತುತ್ತೂ ಕಡಿಮೆಯಾಗಿರಲಿಲ್ಲವೆಂಬುದನ್ನು ನಾನು ಪರಿಶೀಲಿಸಿದೆ. ಪರಿಶೀಲಿಸಿದವನು ನಾನೊಬ್ಬನೇ. ಉಳಿದವರು ಆಗಲೇ ಪ್ರಸಾದ ಹಂಚಿಕೊಳ್ಳುತ್ತ, ಗೋಡೆಗೆ ಯಾವ ಬಣ್ಣ ಹಚ್ಚಿಸಬೇಕೆಂದು ಶಾಂತಾಳಿಗೆ ಸಲಹೆ ಕೊಡುತ್ತಿದ್ದರು.

ಕರೆಂಟು ಬಂದಿತು. ರಾಜು ಮೂರನೆಯ ಕ್ಯಾಸೆಟ್ಟು ಹಿಡಿದು ನನ್ನ ಮುಖ ನೋಡಿದ. ಪಡಸಾಲೆಯಲ್ಲಿ ಪ್ರೇಕ್ಷಕರೇ ಇರಲಿಲ್ಲ. ಎಲ್ಲರೂ ಹಿತ್ತಲಲ್ಲಿ ಬಾವಿಯ ಹಗ್ಗದ ಉದ್ದವನ್ನು ಅಳೆಯುತ್ತಿದ್ದರು. ಕೊಲ್ಲುವ ದೆವ್ವವೂ ಅದರ ಎರಡು ಪುನರಾವರ್ತನೆಗಳೂ ಪೆಟ್ಟಿಗೆಯಿಂದ ಹೊರಬರದೆಯೇ ಗಂಗಾವತಿಗೆ ಮರಳಿದವು. ಸಂಜೆಯ ಬಸ್ಸಿಗೆ ಹೊರಡುವಾಗ ರಾಜು, ಐದೂ ದೆವ್ವ ಬೇಡವೆಂದು ತಾನು ಮೊದಲೇ ಹೇಳಿದ್ದನ್ನು ನೆನಪಿಸಲು ಮರೆಯಲಿಲ್ಲ. ಅವನ ಹಿರಿಯರು ಯಾವ ಊರಿನವರೆಂದು ಶಾಂತಾ ವಿಚಾರಿಸಿ, ನಾಲ್ಕು ಹೋಳಿಗೆ ಕಟ್ಟಿಕೊಟ್ಟಳು.

ಪ್ರಯೋಗದ ಫಲಿತಾಂಶವನ್ನು ಹೇಳದೆ ಮುಗಿಸುವುದು ಕ್ರಮವಲ್ಲ. ಆ ಓಣಿಯಲ್ಲಿ ನೀಲವ್ವನನ್ನು ನಂಬುವವರ ಸಂಖ್ಯೆ ನನ್ನ ಎರಡು ಚಿತ್ರಗಳಿಂದ ಕಡಿಮೆಯಾಗಲಿಲ್ಲ; ಒಬ್ಬರು ಹೆಚ್ಚಾಗಿದ್ದಾರೆಂದು ಮೌಲಾಸಾಬನ ಅಭಿಪ್ರಾಯ. ಆ ಒಬ್ಬರು ಯಾರೆಂದು ನಾನು ಅವನನ್ನು ಕೇಳಲು ಹೋಗಿಲ್ಲ. ಮನೆಯೊಳಗೆ ಯಾರೂ ಇಲ್ಲವೆಂದು ಸಾಬೀತುಪಡಿಸುವುದಕ್ಕೆ ನಾನು ಒಂದು ತಿಂಗಳು ಖರ್ಚುಮಾಡಿದೆ. ಇದ್ದವರ ಅಪ್ಪಣೆ ಕೇಳುವುದಕ್ಕೆ ಶಾಂತಾಳಿಗೆ ಕಾಲು ಗಂಟೆ ಸಾಕಾಯಿತು. ಮನೆ ಸಿಕ್ಕಿದ್ದು ಅವಳ ವಿಧಾನದಿಂದ. ನೀಲವ್ವ ಇದ್ದಾಳೋ ಇಲ್ಲವೋ ಎಂಬ ಪ್ರಶ್ನೆಯನ್ನು ನಾನು ಈಗಲೂ ತೀರ್ಮಾನಿಸಿಲ್ಲ. ನಾವೆಲ್ಲಿ ಇರಬೇಕು ಎಂಬುದು ಮಾತ್ರ ಅಂದೇ ತೀರ್ಮಾನವಾಯಿತು: ೧೯೮೬ನೆಯ ಅಕ್ಟೋಬರ್ ೩, ಶುಕ್ರವಾರ.